ತಾಂಡಾದ ಶಾಲೆಯಲ್ಲಿ ಗೀದ್ ಬರೆದುಕೊಂಡ ವರ್ಷ

ಕಾರ್ಡಿನ ಮೇಲೆ ಗರಗಸದ ಚಿತ್ರವಿತ್ತು. ಒಂದನೇ ತರಗತಿಯ ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಚಿತ್ರ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಚಿತ್ರ ನೋಡಿದಳು. "ಇದೇನವ್ವಾ?" ಅಂದೆ. ತುಟಿ ಪಿಟಕ್ಕೆನ್ನಲಿಲ್ಲ. "ಗರಗಸ" ಅಂತ ನಾನೇ ಹೇಳಿಕೊಟ್ಟೆ. "ಗರಗಸ" ಅಂದಳು. ಮುಂದಿನ ಕಾರ್ಡು ತೋರಿಸಿದೆ. ಅದರಲ್ಲಿ ಕಿರೀಟ ಹೊತ್ತ ಅರಸನಿದ್ದ. ಅದಕ್ಕೂ ಅವಳು ಅಷ್ಟೇ ವಿಧೇಯವಾಗಿ "ಗರಗಸ" ಅಂದಳು.

ಕಾರ್ಡು ಹಿಡಿದು ಆಡುತ್ತಾ ಕಲಿಯುವ ನಲಿ-ಕಲಿ ತರಗತಿ ನಡೆಸಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಅಕ್ಷರಗಳು ಅ ಆ ಇ ಈ ಸಾಲಿನಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಎಂಬ ಐದರಿಂದ ಶುರು. ಬರೆಯಲು ಸಲೀಸು, ಕೂಡಿಸಿದರೆ ಕೂಡಲೇ ಪದ: ಸರ, ದರ, ಅರಸ, ಗರಗಸ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಹುಟ್ಟಿ, 2009-10ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಬಂದ ಈ ಪದ್ಧತಿಯ ಮೇಲೆ ನನಗೆ ಗೌರವವಿದೆ. ಮಗುವನ್ನು ಬೆಂಚಿನಿಂದ ಬಿಡಿಸಿ ನೆಲದ ಮೇಲೆ, ಗೆಳೆಯರ ನಡುವೆ ಕೂರಿಸಿದ್ದು ಅದೇ. ಆದರೆ ಆ ಐದು ಅಕ್ಷರದಿಂದ ಪದ ಕಟ್ಟಬೇಕಾದರೆ ಪದ ಮೊದಲೇ ಮಗುವಿನ ಬಾಯಲ್ಲಿರಬೇಕು. ನಮ್ಮ ಮಕ್ಕಳ ಬಾಯಲ್ಲಿ ಇದ್ದದ್ದು ಬೇರೆ ಪದಗಳು.

ನಮ್ಮ ಶಾಲೆ ಇರುವುದು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ. ಒಂದರಿಂದ ಐದರವರೆಗೆ 38 ಮಕ್ಕಳು, ಇಬ್ಬರು ಶಿಕ್ಷಕರು. ನಾನು ಸಿಂಧನೂರಿನ ಕಡೆಯವಳು, ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ ನೋಡಿ ಬೆಳೆದವಳು. ಇಲ್ಲಿ ಕೆಂಪು ಮಸಾರಿ ನೆಲ, ಬಂಡೆ, ಮಳೆ ಬಂದರೆ ಸಜ್ಜೆ ತೊಗರಿ, ಬರದಿದ್ದರೆ ಗುಳೆ. ಬಂದ ಮೊದಲ ವರ್ಷ ಮಕ್ಕಳನ್ನು ನೋಡಿ ನನಗೆ ದಿಗಿಲಾಗಿತ್ತು. ಅಂಗಳದಲ್ಲಿ ಕಾಗೆ ಗುಬ್ಬಿಗಳ ಹಾಗೆ ಗಲಗಲ ಅನ್ನುವ ಮಕ್ಕಳು ಹೊಸಿಲು ದಾಟಿ ಒಳಗೆ ಬಂದರೆ ಮೂಕರಾಗುತ್ತಿದ್ದರು. ಆ ವರ್ಷ ಏಳು ಮಕ್ಕಳ ಹೆಸರಿನ ಮುಂದೆ ನಾನು "ನಿಧಾನ ಕಲಿಕೆ" ಎಂದು ಬರೆದೆ. ಆ ಎರಡು ಪದಕ್ಕಾಗಿ ಇವತ್ತಿಗೂ ನನಗೆ ನೋವಿದೆ. ಅವರು ನಿಧಾನವಾಗಿರಲಿಲ್ಲ. ನಾನು ಅವರಿಗೆ ತಿಳಿಯದ ಮಾತಿನಲ್ಲಿ ಕೇಳಿ, ಉತ್ತರ ಬರಲಿಲ್ಲವೆಂದು ಬರೆದುಕೊಂಡಿದ್ದೆ.

ಅವರ ಮಾತು ಗೋರ್ ಬೋಲಿ. ತಮ್ಮನ್ನು ಅವರು ಗೋರ್ ಎಂದೂ ಹೊರಗಿನವರಾದ ನಮ್ಮಂಥವರನ್ನು ಕೋರ್ ಎಂದೂ ಕರೆಯುತ್ತಾರೆ. ಅದಕ್ಕೆ ಸ್ವಂತ ಲಿಪಿಯಿಲ್ಲ. ಇಲ್ಲಿ ಕನ್ನಡದಲ್ಲಿ, ಕೃಷ್ಣೆಯ ಆಚೆ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ನಾಗರಿಯಲ್ಲಿ ಬರೆಯುತ್ತಾರೆ. 2011ರ ಜನಗಣತಿಯಲ್ಲಿ ಇದನ್ನು ಮನೆಮಾತೆಂದು ಹೇಳಿದವರು 32 ಲಕ್ಷಕ್ಕೂ ಹೆಚ್ಚು. ಅಷ್ಟೂ ಜನರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಲಾಗಿದೆ. ಈ ಜನ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ನಮ್ಮ ತಾಂಡಾದ ಹೆಣ್ಣುಮಕ್ಕಳು ಮೂರೂ ರಾಜ್ಯಕ್ಕೆ ಮದುವೆಯಾಗಿ ಹೋಗುತ್ತಾರೆ. ಮೂರೂ ಕಡೆ ಗೀದ್, ಅಂದರೆ ಹಾಡು, ಒಂದೇ ಎಂದು ಆಮೇಲೆ ತಿಳಿಯಿತು.

ಹಾಡಿನ ಕಡೆ ನನ್ನ ಗಮನ ಹೋದದ್ದು ಶ್ರಾವಣದಲ್ಲಿ. ತೀಜ್ ಹಬ್ಬ ನಡೆದಿತ್ತು. ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಮಣ್ಣು ಗೊಬ್ಬರ ತುಂಬಿ ಗೋಧಿ ಬಿತ್ತಿ, ಒಂಬತ್ತು ದಿನ ನೀರು ಹಾಕಿ ಸಸಿ ಬೆಳೆಸುವ ಹಬ್ಬ. ಸಂಜೆ ಶಾಲೆಯ ಬೀಗ ಹಾಕುವಾಗ ಕೊಡ ಹೊತ್ತ ಹುಡುಗಿಯರು ಸಾಲಾಗಿ ಹಾಡುತ್ತಾ ಬಂದರು. ಸಾಲಿನ ಕೊನೆಯಲ್ಲಿ, ಒಂದು ಚೊಂಬು ಹಿಡಿದುಕೊಂಡು, ಗರಗಸದ ಹುಡುಗಿ. ಬಾಯಿ ತುಂಬ ಹಾಡುತ್ತಿದ್ದಳು! ಒಂದು ಪದವೂ ತಪ್ಪದೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಂಡು. ನಾನು ಬೀಗದ ಕೈ ಹಿಡಿದುಕೊಂಡೇ ನಿಂತೆ.

ಆ ರಾತ್ರಿ ನಾನು ಮಾಡಿದ್ದು ಬಹಳ ಶಿಕ್ಷಕರು ಮಾಡುವ ಕೆಲಸವನ್ನೇ. ಧಾಟಿ ನೆನಪಿಟ್ಟುಕೊಂಡು ಅದಕ್ಕೆ ವರ್ಣಮಾಲೆ ಹೊಂದಿಸಿದೆ. ಅ ಅಂದರೆ ಅಮ್ಮ, ಆ ಅಂದರೆ ಆಟ, ಹೀಗೆ. ಬೆಳಿಗ್ಗೆ ತರಗತಿಯಲ್ಲಿ ಹಾಡಿದೆ. ಮಕ್ಕಳು ಹಿಗ್ಗಿ ಕುಣಿಯುತ್ತಾರೆ ಅಂದುಕೊಂಡಿದ್ದೆ. ಒಬ್ಬರೂ ಬಾಯಿ ತೆರೆಯಲಿಲ್ಲ. ಐದನೇ ತರಗತಿಯ ಹುಡುಗಿಯೊಬ್ಬಳು ತಲೆ ತಗ್ಗಿಸಿ ಓಢಣಿಯಿಂದ ಬಾಯಿ ಮುಚ್ಚಿಕೊಂಡಳು. ಅವರ ಮುಖದಲ್ಲಿ ನಗು ಇರಲಿಲ್ಲ, ಮುಜುಗರ ಇತ್ತು. ಯಾರದೋ ಮನೆಯ ದೇವರ ಸಾಮಾನು ತಂದು ಬಚ್ಚಲಲ್ಲಿ ಇಟ್ಟಾಗ ಆಗುವಂಥ ಮುಜುಗರ.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ತಾಂಡಾದವರೆಲ್ಲ ಅವರನ್ನು ಯಾಡಿ ಅನ್ನುತ್ತಾರೆ, ತಾಯಿ ಎಂದರ್ಥ. ಹಳೆಯ ಕಾಲದ ಪೇಟಿಯಾ ಲಂಗ, ಕನ್ನಡಿ ಹೊಲಿದ ಕಾಂಚಳಿ ರವಿಕೆ ಇನ್ನೂ ತೊಡುವ ನಾಲ್ಕೈದು ಮಂದಿಯಲ್ಲಿ ಅವರೊಬ್ಬರು. ಕೆನ್ನೆಯ ಪಕ್ಕ ಜೋಲುವ ಘೂಗ್ರಿ ಅವರು ತಲೆ ಆಡಿಸಿದಾಗೆಲ್ಲ ಸದ್ದು ಮಾಡುತ್ತದೆ. ಮಕ್ಕಳು ಮನೆಗೆ ಹೋಗಿ ಹೇಳಿದ್ದರು. ಯಾಡಿ ಸಿಟ್ಟಾಗಲಿಲ್ಲ.

"ಟೀಚರ್, ಆ ಧಾಟಿ ಬುಟ್ಟಿಗೆ ನೀರು ಹಾಕೂ ಮುಂದ ಹಾಡೂದು. ಇಲ್ಲಿ ಬುಟ್ಟಿ ಎಲ್ಲೈತಿ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. ಮಕ್ಕಳು ಕಲಿಯಲಿ ಅಂತ ಮಾಡಿದೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಡು ಬೇಕಾದ್ರ ಮನಿಗೆ ಬರ್ರಿ. ಹಾಡು ನಿಮ್ಮ ಕಡೆ ಬರೂದಿಲ್ಲ, ನೀವ ಬರಬೇಕು" ಅಂದರು.

ಹೋದೆ. ಮೊದಲ ಮೂರು ಸಂಜೆ ಹಾಡೇ ಇಲ್ಲ. ಮೊರದಲ್ಲಿ ತೊಗರಿ ಕೊಟ್ಟು ಕಲ್ಲು ಆರಿಸಲು ಹೇಳಿದರು. ಆರಿಸಿದೆ. ನನ್ನ ತವರು ಯಾವುದು, ನಮ್ಮಲ್ಲಿ ಹೆಣ್ಣುಮಕ್ಕಳು ಬೀಸುವಾಗ ಏನು ಹಾಡುತ್ತಿದ್ದರು ಎಂದು ಕೇಳಿದರು. ನಮ್ಮಜ್ಜಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದದ್ದು ನೆನಪಾಯಿತು, ಹಾಡು ಮಾತ್ರ ಎರಡು ಸಾಲಿನ ಮುಂದೆ ಬರಲಿಲ್ಲ. ಆ ಎರಡು ಸಾಲು ಹಾಡಿ ನಿಂತಾಗ ಗಂಟಲು ಕಟ್ಟಿತು. ಅಜ್ಜಿ ಸತ್ತು ಹನ್ನೊಂದು ವರ್ಷ. ಅವಳ ಹಾಡನ್ನು ಬರೆದುಕೊಳ್ಳಬೇಕೆಂದು ಓದು ಬರಹ ಕಲಿತ ನಮ್ಮ ಮನೆಯ ಒಬ್ಬರಿಗೂ ಅನಿಸಿರಲಿಲ್ಲ. ನಾಲ್ಕನೇ ಸಂಜೆ ಯಾಡಿ ತಾವಾಗಿಯೇ ಶುರು ಮಾಡಿದರು. ಎತ್ತಿನ ಮೇಲೆ ಹೇರು ಹೇರಿಕೊಂಡು ಹೋದ ಲದೇಣಿಯ ಹಾಡು.

ಬರೆದುಕೊಳ್ಳುವುದು ಸುಲಭದ ಕೆಲಸವಾಗಿರಲಿಲ್ಲ. ಮೊಬೈಲಿನಲ್ಲಿ ಧ್ವನಿ ಹಿಡಿದು ರಾತ್ರಿ ಕೇಳಿ ಕೇಳಿ ಬರೆಯುತ್ತಿದ್ದೆ. ಮರುದಿನ ನಾಲ್ಕನೇ ತರಗತಿಯ ಮಕ್ಕಳಿಗೆ ಓದಿ ತೋರಿಸುತ್ತಿದ್ದೆ. ಒಂದು ದಿನ ಹುಡುಗಿ ಎಂಬ ಅರ್ಥದ ಪದವನ್ನು ನಾನು "ಚೋರಿ" ಎಂದು ಬರೆದಿದ್ದೆ. ಒಬ್ಬ ಹುಡುಗ ಎದ್ದು ಬಂದು ಹಾಳೆ ನೋಡಿದ. "ಟೀಚರ್, ಚೋರಿ ಅಲ್ಲ. ಛೋರಿ. ಹೊಟ್ಟಿ ಸೀಳ್ರಿ" ಅಂದ. ಮಹಾಪ್ರಾಣಕ್ಕೆ ಅಕ್ಷರದ ಹೊಟ್ಟೆ ಸೀಳಬೇಕೆಂದು ನಾನೇ ಅವನಿಗೆ ಕಲಿಸಿದ್ದೆ. ನಾನು ಸೀಳುಗೆರೆ ಎಳೆದೆ. ಕೈ ನಡುಗಿತು. ನಾನು ಬರೆದದ್ದಕ್ಕೆ ಕಳವು ಎಂದರ್ಥ. 1871ರ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತ್ತು. ಎಷ್ಟೋ ಕಡೆ ಲಂಬಾಣಿಗರನ್ನೂ ಆ ಪಟ್ಟಿಗೆ ಸೇರಿಸಿದ್ದರು. 1952ರಲ್ಲಷ್ಟೇ ಅವರು ಅದರಿಂದ ಬಿಡುಗಡೆಯಾದದ್ದು. ಒಂದು ಗೆರೆ ಬಿಟ್ಟು ನಾನು ಆ ಮಕ್ಕಳ ಅಕ್ಕತಂಗಿಯರ ಹೆಸರಿಗೆ ಅದೇ ಮಾತು ಬರೆದಿದ್ದೆ. ಅದನ್ನು ತಿದ್ದಿದವನು ಹತ್ತು ವರ್ಷದ ಹುಡುಗ.

ಅಂದಿನಿಂದ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಸೀಮೆಯ ಕನ್ನಡದಲ್ಲಿ ಮಹಾಪ್ರಾಣ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಭಾರತ ಬಾರತವಾಗುತ್ತದೆ, ಧನ ದನವಾಗುತ್ತದೆ, ಬರವಣಿಗೆಯಲ್ಲೂ ಅದೇ ತಪ್ಪು. ತಾಂಡಾದ ಮಕ್ಕಳ ಮಾತಿನಲ್ಲಾದರೆ ಮನೆ ಘರ್, ಮರ ಝಾಡ್, ಕುದುರೆ ಘೋಡೋ. ಹೊಟ್ಟೆಯಿಂದ ಬರುವ ಆ ಉಸಿರು ಅವರಿಗೆ ಹುಟ್ಟಿನಿಂದ ಬಂದದ್ದು. ನಾವು ಕೊನೆಗೆ, ಕಷ್ಟದ ಅಕ್ಷರಗಳೆಂದು ಕಲಿಸುವುದನ್ನು ಅವರು ಮೊದಲೇ ಬಲ್ಲರು. ಪದದ ಕೊನೆಯಲ್ಲಿ ಸ್ವರವಿಲ್ಲದೆ ನಿಲ್ಲುವುದೂ ಹಾಗೆಯೇ. ಕನ್ನಡದ ಕಾರ್ಡುಗಳಲ್ಲಿ ಅರ್ಧಾಕ್ಷರ ತಡವಾಗಿ ಬರುತ್ತದೆ. ತೀಜ್, ಘರ್, ಏಕ್, ತೀನ್, ಚಾರ್ ಎನ್ನುವ ಮಗುವಿಗೆ ಅದು ಮೊದಲ ದಿನವೇ ಬೇಕು.

ಹಾಗಾಗಿ ನಲಿ-ಕಲಿಯ ಕಲಿಕೆಯ ಏಣಿಯ ಮೊದಲ ಮೆಟ್ಟಿಲನ್ನೇ ಬೇರೆ ಕಡೆಯಿಂದ ಹತ್ತಿದೆವು. ಹಾಡುಗಳಿಂದ ಮೂರು ಪದ ಆರಿಸಿದೆ: ಯಾಡಿ, ಪಾಣಿ, ಬಾಟಿ. ತಾಯಿ, ನೀರು, ರೊಟ್ಟಿ. ಈ ಮೂರನ್ನೂ ಬರೆದು ನೋಡಿ. ಮೂರರಲ್ಲೂ ಮೊದಲ ಅಕ್ಷರಕ್ಕೆ ದೀರ್ಘ, ಎರಡನೆಯದಕ್ಕೆ ಗುಡಿಸು. ಮೂರು ಪದ ಕಲಿಯುವಷ್ಟರಲ್ಲಿ ಆರು ಅಕ್ಷರ, ಎರಡು ಗುಣಿತ ಚಿಹ್ನೆ ಕೈಗೆ ಬಂದಿರುತ್ತದೆ. ಅಲ್ಲಿಂದ ಗಾಡಿ, ದಾರಿ, ರಾಶಿ, ಬಾವಿ ಎಂಬ ಕನ್ನಡ ಪದಗಳಿಗೆ ದಾಟಲು ಹೆಚ್ಚು ದಿನ ಬೇಕಾಗಲಿಲ್ಲ. ಗರಗಸದ ಹುಡುಗಿ ಪಾಣಿ ಎಂದು ಬರೆದಿದ್ದ ಪಟ್ಟಿಯನ್ನು ನೀರಿನ ಕೊಡಕ್ಕೆ ತಾನೇ ಅಂಟಿಸಿ, ಕೆಳಗೆ ನೀರು ಎಂಬ ಪಟ್ಟಿಯನ್ನೂ ಅಂಟಿಸಿ, ಎರಡನ್ನೂ ಬೆರಳಿಟ್ಟು ಓದಿದಳು. ನಾನು ಕೇಳದೆ ಅವಳು ಓದಿದ್ದು ಅದೇ ಮೊದಲು.

ಹಾಡಿನ ರಚನೆಯೇ ಓದಿಗೆ ಹೇಳಿ ಮಾಡಿಸಿದಂತಿದೆ. ದೀಪಾವಳಿಯಲ್ಲಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹೇಳುತ್ತಾರೆ, ಮನೆಯವರಿಗೆಲ್ಲ ಒಬ್ಬೊಬ್ಬರಿಗಾಗಿ ಶುಭ ಕೋರುವ ಹಾಡು. ಪ್ರತಿ ಸಾಲೂ ಒಂದೇ, ಒಂದು ಪದ ಮಾತ್ರ ಬದಲಾಗುತ್ತದೆ. ಮೊದಲು ಯಾಡಿ, ಆಮೇಲೆ ಅಪ್ಪ, ಆಮೇಲೆ ಅಣ್ಣ. ಹಾಳೆಯ ಮೇಲೆ ಬರೆದಾಗ ಮಕ್ಕಳ ಕಣ್ಣು ತಾನಾಗಿಯೇ ಬದಲಾದ ಪದವನ್ನು ಹುಡುಕುತ್ತದೆ. ನಾನು ಎಷ್ಟೋ ತರಬೇತಿಗಳಲ್ಲಿ ಕೂತು ಕಲಿತ ಓದಿನ ಅಭ್ಯಾಸವನ್ನು ಯಾರೋ ಅಕ್ಷರ ಬಾರದ ಹೆಣ್ಣುಮಕ್ಕಳು ಯಾವ ಕಾಲದಲ್ಲೋ ಕಟ್ಟಿಟ್ಟಿದ್ದರು.

ಅಕ್ಷರ ಬಾರದ ಎಂದು ಬರೆಯುವಾಗ ಪಕ್ಕದ ಬಳ್ಳಾರಿ ಜಿಲ್ಲೆಯ ದರೋಜಿ ಈರಮ್ಮ ನೆನಪಾಗುತ್ತಾರೆ. ಬುಡ್ಗ ಜಂಗಮ ಸಮುದಾಯದ ಬುರ್ರಕಥೆಯ ಕಲಾವಿದೆ. ಓದು ಬರಹ ಕಲಿಯದೆ ಅಷ್ಟೊಂದು ಮಹಾಕಾವ್ಯಗಳನ್ನು ಬಾಯಲ್ಲಿಟ್ಟುಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ನಮ್ಮ ದಾಖಲಾತಿ ಪುಸ್ತಕದಲ್ಲಿ ಪೋಷಕರ ವಿದ್ಯಾಭ್ಯಾಸ ಎಂಬ ಕಲಮು ಇರುತ್ತದೆ. ಯಾಡಿಯ ಮೊಮ್ಮಗಳ ಹೆಸರಿನ ಮುಂದೆ ನಾನು "ಅನಕ್ಷರಸ್ಥರು" ಎಂದು ಬರೆದಿದ್ದೆ. ಅದನ್ನು ತಿದ್ದಲು ಆಗುವುದಿಲ್ಲ. ಅದರ ಪಕ್ಕ ಬರೆಯಲು ಇನ್ನೊಂದು ಕಲಮು ಇದ್ದಿದ್ದರೆ ಏನು ಬರೆಯುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಇದೆಲ್ಲ ನಡೆಯುವಾಗ ತಾಂಡಾದಲ್ಲಿ ಗುಸುಗುಸು ಶುರುವಾಯಿತು. ತಾಂಡಾದ ವ್ಯವಹಾರ ನೋಡಿಕೊಳ್ಳುವ ಕಾರಭಾರಿಯವರು ಲಂಬಾಣಿಗರ ಸಂತ ಸೇವಾಲಾಲರ ಗುಡಿಯ ಕಟ್ಟೆಯ ಮೇಲೆ ಸಭೆ ಕರೆದರು. ತಾಂಡಾದ ಪಂಚರಾದ ನಾಯಕರು, ಡಾವ್, ಜೊತೆಗೆ ಹತ್ತಿಪ್ಪತ್ತು ತಂದೆತಾಯಿ. ಪುಣೆಯಲ್ಲಿ ಕಟ್ಟಡದ ಕೆಲಸ ಮಾಡಿ ಬಂದಿದ್ದ ಒಬ್ಬ ತಂದೆ ಎದ್ದು ನಿಂತು ಹೇಳಿದ: "ನಮ್ಮ ಮಾತು ನಾವು ಕಲಸ್ತೀವ್ರಿ, ಅದಕ್ಕ ನೀವ್ಯಾಕ ಬೇಕು? ನೀವು ಕನ್ನಡ ಕಲಸ್ರಿ, ಇಂಗ್ಲಿಷ್ ಕಲಸ್ರಿ. ಬಸ್ಸಿನ ಬೋರ್ಡ್ ಓದಾಕ ಬರಲಾರದ ನಾ ಪಟ್ಟ ಪಾಡು ನನ್ನ ಮಗ ಪಡಬಾರದು."

ನನ್ನ ಕೈಚೀಲದಲ್ಲಿ ಸಂವಿಧಾನದ 350ಎ ವಿಧಿ ಬರೆದುಕೊಂಡ ಚೀಟಿ ಇತ್ತು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕು ಎಂಬುದು ಅದರ ಸಾರ. ಒಡಿಶಾದಲ್ಲಿ 2006-07ರ ಸುಮಾರಿಗೇ ಹತ್ತು ಬುಡಕಟ್ಟು ಭಾಷೆಗಳಲ್ಲಿ ಪ್ರಾಥಮಿಕ ಪಾಠ ಶುರು ಮಾಡಿದ್ದನ್ನೂ ಬರೆದುಕೊಂಡಿದ್ದೆ. ಚೀಟಿ ತೆಗೆಯಲಿಲ್ಲ. ಆ ಮನುಷ್ಯ ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಗೊತ್ತಿಲ್ಲದ ಊರಿನ ಬಸ್ ನಿಲ್ದಾಣದಲ್ಲಿ ಮಗು ಕಂಕುಳಲ್ಲಿಟ್ಟುಕೊಂಡು ಕಂಡಕಂಡವರನ್ನು ದಾರಿ ಕೇಳಿದವನಿಗೆ ವಿಧಿಯ ಸಂಖ್ಯೆ ಹೇಳುವುದು ನನಗೆ ಸರಿ ಕಾಣಲಿಲ್ಲ. ನಿಮ್ಮ ಮಗ ಕನ್ನಡ ಓದುತ್ತಾನೆ, ದಸರಾವರೆಗೆ ಕಾಲ ಕೊಡಿ, ಓದದಿದ್ದರೆ ಹಾಡು ನಿಲ್ಲಿಸುತ್ತೇನೆ ಎಂದಷ್ಟೇ ಹೇಳಿದೆ. ಯಾಡಿ ಮೂಲೆಯಲ್ಲಿ ಕೂತವರು ಅವರ ಮಾತಿನಲ್ಲಿ ಏನೋ ಹೇಳಿದರು, ಎಲ್ಲರೂ ಸುಮ್ಮನಾದರು. ಏನೆಂದರು ಎಂದು ಆಮೇಲೆ ಕೇಳಿದ್ದಕ್ಕೆ ನಾಯಕರು ಹೇಳಿದರು: "ತೊಗರಿ ಆರಿಸಿಕೊಟ್ಟಾಳ ಅಂದ್ರು."

ದಸರಾ ಹೊತ್ತಿಗೆ ಆ ಹುಡುಗ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಮುದಗಲ್, ಹಟ್ಟಿ, ಸಿಂಧನೂರು ಎಂದು ಫಲಕ ಓದಿದನಂತೆ. ತಂದೆ ಬಂದು ಹೇಳಿದ. ಮಸ್ಕಿ ಎಂಬುದನ್ನು ಮಾತ್ರ ತಡವರಿಸಿದ, ಒಂದು ಅಕ್ಷರಕ್ಕೆ ಬೇರೆ ಅಕ್ಷರದ ಒತ್ತು ಬರುವುದು ಇನ್ನೂ ಆಗಿರಲಿಲ್ಲ.

ತೀಜ್ ಹಬ್ಬದ ಬುಟ್ಟಿಯನ್ನು ಶಾಲೆಗೆ ತರುವ ಆಸೆ ನನಗಿತ್ತು. ಯಾಡಿ ಬೇಡವೆಂದರು. ಅದು ವ್ರತ, ಮದುವೆಯಾಗದ ಹುಡುಗಿಯರದು, ಅದಕ್ಕೆ ಅದರದೇ ದಿನ ಇದೆ. ಆದರೆ ಬಿತ್ತುವುದಕ್ಕೆ ಯಾರ ಅಪ್ಪಣೆ ಬೇಕು ಎಂದು ಅವರೇ ಎರಡು ಒಡೆದ ಗಡಿಗೆ ಕೊಟ್ಟರು. ಗಂಡುಮಕ್ಕಳೂ ಸೇರಿ ಎರಡಕ್ಕೂ ಜೋಳ ಬಿತ್ತಿದರು. ಒಂದು ಕಿಟಕಿಯಲ್ಲಿ, ಇನ್ನೊಂದು ಬೀರುವಿನ ಒಳಗೆ ಕತ್ತಲಲ್ಲಿ. ದಿನಾ ನೀರು, ದಿನಾ ಸ್ಕೇಲು ಹಿಡಿದು ಅಳತೆ, ಏಕ್, ದಿ, ತೀನ್, ಚಾರ್ ಎಂದು ಎಣಿಕೆ, ಪುಸ್ತಕದಲ್ಲಿ ಕನ್ನಡದ ಅಂಕಿ. ಒಂಬತ್ತನೆಯ ದಿನ ಕಿಟಕಿಯ ಸಸಿ 13 ಸೆಂಟಿಮೀಟರ್, ದಪ್ಪ, ಹಸಿರು. ಬೀರುವಿನದು 19, ತೆಳ್ಳಗೆ, ಹಳದಿ, ಒಂದು ಕಡೆ ಬಾಗಿತ್ತು. ಕತ್ತಲಲ್ಲಿದ್ದದ್ದು ಯಾಕೆ ಹೆಚ್ಚು ಬೆಳೆಯಿತು ಎಂದು ಮಕ್ಕಳು ತಲೆ ಕೆಡಿಸಿಕೊಂಡರು. ನಾನು ಉತ್ತರ ಹೇಳದೆ ಯಾಡಿಯನ್ನು ಕೇಳಿ ಬನ್ನಿ ಎಂದು ಕಳಿಸಿದೆ. ಓಡಿ ಹೋಗಿ ಓಡಿ ಬಂದರು. "ಅದು ಬೆಳದಿಲ್ಲಂತ ಟೀಚರ್, ಬೆಳಕು ಹುಡುಕ್ಯಾಡಾಕ ಓಡೇತಂತ!" ವಿಜ್ಞಾನದ ಪುಸ್ತಕ ಹೇಳುವುದೂ ಅದನ್ನೇ.

ಯಾವ ಹಾಡು ಶಾಲೆಗೆ, ಯಾವುದು ಅಲ್ಲ ಎಂಬುದನ್ನು ನಾನು ಒಂದು ಮದುವೆಯಲ್ಲಿ ಕಲಿತೆ. ನಾಲ್ಕನೇ ತರಗತಿಯ ಹುಡುಗಿಯ ಅಕ್ಕನ ಮದುವೆ. ವಧುವಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಅದನ್ನು ನೋಡಿಕೊಳ್ಳಲು ನಾನು, ಅಂಗನವಾಡಿ ಕಾರ್ಯಕರ್ತೆ ಇಬ್ಬರೂ ಅವರ ಮನೆಗೆ ತಿರುಗಿದ್ದೆವು. ತವರು ಬಿಟ್ಟು ಹೊರಡುವ ಹೊತ್ತಿಗೆ ಅವಳು ಒಬ್ಬೊಬ್ಬರ ಕೊರಳು ತಬ್ಬಿ ಢಾವಲೋ ಶುರು ಮಾಡಿದಳು. ಅಳುವೇ ಹಾಡು, ಹಾಡೇ ಅಳು. ಧಾಟಿ ಹಿರಿಯ ಹೆಂಗಸರಿಂದ ಕಲಿತದ್ದು, ಮಾತು ಆ ಕ್ಷಣದಲ್ಲಿ ಅವಳೇ ಕಟ್ಟಿದ್ದು. ಅಪ್ಪನ ಮನೆಯ ಕಟ್ಟೆಗೆ, ಅಣ್ಣನ ಎತ್ತಿಗೆ, ಬಾವಿಗೆ, ತಾಂಡಾಕ್ಕೆ ಒಂದೊಂದಕ್ಕೂ ಒಂದೊಂದು ಸಾಲು. ತಂಗಿಯನ್ನು ತಬ್ಬಿಕೊಂಡಾಗ ಅವಳು ಶಾಲೆಯ ಮಾತು ಎತ್ತಿದಳು. ಪಕ್ಕದಲ್ಲಿದ್ದ ಬಿಸಿಯೂಟದ ಅಕ್ಕ ನನ್ನ ಕಿವಿಯಲ್ಲಿ ಅರ್ಥ ಹೇಳಿದಳು: ನಾನು ಐದಕ್ಕೆ ಬಿಟ್ಟೆ, ನೀನು ಬಿಡಬೇಡ.

ನನ್ನ ಕೈ ಅಭ್ಯಾಸಬಲದಿಂದ ಮೊಬೈಲಿಗೆ ಹೋಗಿತ್ತು. ಯಾಡಿ ದೂರದಿಂದಲೇ ನೋಡಿ ತಲೆ ಅಲ್ಲಾಡಿಸಿದರು. ಘೂಗ್ರಿಯ ಸದ್ದು ಅಷ್ಟು ದೂರ ಕೇಳಲಿಲ್ಲ, ಆದರೂ ಕೇಳಿದಂತಾಯಿತು. ಮೊಬೈಲ್ ಒಳಗಿಟ್ಟೆ. ಆ ಹಾಡು ನನ್ನ ಪುಸ್ತಕದಲ್ಲಿಲ್ಲ. ಜಾನಪದ ಎಂದು ಕಂಡದ್ದನ್ನೆಲ್ಲ ವೇದಿಕೆಗೆ, ಪ್ರತಿಭಾ ಕಾರಂಜಿಗೆ, ಶಾಲಾ ವಾರ್ಷಿಕೋತ್ಸವಕ್ಕೆ ಎಳೆದು ತರುವವರನ್ನು ನೋಡಿದಾಗ ನನಗೆ ಈಗ ಸಂಕಟವಾಗುತ್ತದೆ. ಎಂಟು ವರ್ಷದ ಹುಡುಗಿಯರಿಂದ ಬೀಳ್ಕೊಡುಗೆಯ ಅಳುವನ್ನು ಹಾಡಿಸಿ ಚಪ್ಪಾಳೆ ತಟ್ಟುವುದನ್ನು ಕಲಿಕೆ ಅನ್ನಲಾರೆ. ಹೋಳಿಯ ಲೇಂಗಿ ಹಾಡುಗಳಲ್ಲೂ ದೊಡ್ಡವರಿಗಷ್ಟೇ ಸೇರಿದ ಚೇಷ್ಟೆಯ ಸಾಲುಗಳಿವೆ, ಅವು ಬೆಂಕಿಯ ಸುತ್ತಲೇ ಇರಲಿ.

ಲದೇಣಿಯ ಹಾಡು ಮಾತ್ರ ಮೂರು, ನಾಲ್ಕು, ಐದನೇ ತರಗತಿಗೆ ಒಂದು ತಿಂಗಳ ಪಾಠವಾಯಿತು. ಹಾಡಿನಲ್ಲಿ ಉಪ್ಪು ಬರುತ್ತದೆ, ಧಾನ್ಯ ಬರುತ್ತದೆ, ಎತ್ತಿನ ಕೊರಳ ಗಂಟೆ ಬರುತ್ತದೆ. ಉಪ್ಪು ಎಲ್ಲಿಂದ? ಸಮುದ್ರ ಎಲ್ಲಿ? ನೆಲದ ಮೇಲೆ ಸುಣ್ಣದಿಂದ ನಕ್ಷೆ ಬರೆದು ಮಕ್ಕಳನ್ನು ಕರಾವಳಿಯಿಂದ ರಾಯಚೂರಿಗೆ ನಡೆಸಿದೆವು. ಹದಿನೇಳನೇ ಶತಮಾನದಲ್ಲಿ ದಕ್ಖನಿಗೆ ಬಂದ ಮೊಗಲ್ ಸೈನ್ಯಕ್ಕೆ ಸಾವಿರಾರು ಎತ್ತುಗಳ ಮೇಲೆ ಕಾಳು ಹೇರಿಕೊಂಡು ಬಂದವರು ಇವರ ಹಿರಿಯರು. ಆಮೇಲೆ ರೈಲು ಬಂತು, ಉಪ್ಪಿನ ಮೇಲೆ ಬ್ರಿಟಿಷರ ಹಿಡಿತ ಬಂತು, ಎತ್ತಿನ ವ್ಯಾಪಾರ ಮುರಿಯಿತು. "ಹಂಗಾದ್ರ ನಮ್ಮ ಮುತ್ಯಾ ಗುಳೆ ಹೋಗ್ತಿರಲಿಲ್ಲ, ವ್ಯಾಪಾರಕ್ಕ ಹೋಗ್ತಿದ್ದ" ಅಂದ ಒಬ್ಬ. ಅವನು ಅಂದು ಮನೆಗೆ ಹೋದ ನಡಿಗೆಯೇ ಬೇರೆ ಇತ್ತು.

ಮೇಲಿನವರ ಭೇಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು ಬಂದ ಅಧಿಕಾರಿ ಇದಕ್ಕೆ ಆಧಾರವೇನು ಎಂದು ಕೇಳಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಸಾಧ್ಯವಾದಷ್ಟೂ ಮಗುವಿನ ತಾಯ್ನುಡಿಯಲ್ಲಿ ಕಲಿಸಿ ಎನ್ನುತ್ತದೆ ಎಂದು ತೋರಿಸಿದೆ. ಮಕ್ಕಳನ್ನು ಓದಿಸಿ ನೋಡಿ ಖುಷಿಯಿಂದ ಸಹಿ ಹಾಕಿ ಹೋದರು. ಮುಂದಿನ ಸಲ ಬಂದವರು ಗೋಡೆಯ ಮೇಲೆ ಇಲಾಖೆಯ ಹಾಳೆಗಳಷ್ಟೇ ಇರಬೇಕೆಂದು ಹಾಡಿನ ಹಾಳೆಗಳನ್ನು ತೆಗೆಸಿದರು. ಬೇಸರವಾಯಿತು. ಆದರೆ ಅಷ್ಟು ಹೊತ್ತಿಗೆ ಪ್ರತಿ ಮಗುವಿನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಅವರದೇ ಕೈಬರಹದಲ್ಲಿ ಹಾಡುಗಳಿದ್ದವು.

ದೀಪಾವಳಿ ಬಂತು. ಮೇರಾ ಹೇಳುತ್ತಾ ಹುಡುಗಿಯರು ನನ್ನ ಬಾಡಿಗೆ ಮನೆಯ ಬಾಗಿಲಿಗೂ ಬಂದರು. ನಾಲ್ಕು ದಿನಕ್ಕೆ ಟ್ರ್ಯಾಕ್ಟರ್ ಬಂದು ನಿಂತವು. ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳು. ಕಬ್ಬು ಕಡಿಯಲು ಬೆಳಗಾವಿ ಕಡೆಗೆ, ಸಾಂಗ್ಲಿ ಕಡೆಗೆ. ಅಜ್ಜ ಅಜ್ಜಿಯರ ಹತ್ತಿರ ಬಿಟ್ಟುಹೋಗಿ ಎಂದು ಮನೆಮನೆ ತಿರುಗಿದೆ. 38ರಲ್ಲಿ 17 ಮಕ್ಕಳು ಉಳಿದರು. ಹೊರಟವರಲ್ಲಿ ಗರಗಸದ ಹುಡುಗಿಯೂ ಇದ್ದಳು. ಅವಳ ತಮ್ಮ ಇನ್ನೂ ಎದೆಹಾಲಿನ ಕೂಸು, ನೋಡಿಕೊಳ್ಳಲು ಇವಳೇ ಬೇಕು. ಟ್ರ್ಯಾಲಿಯ ಅಂಚಿನಿಂದ ಅವಳು ನನಗೆ ನೋಟ್‌ಬುಕ್ ತೋರಿಸಿದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದಾರ ಕಟ್ಟಿದ್ದಳು.

ಯುಗಾದಿಗೆ ಎರಡು ದಿನ ಮುಂಚೆ ವಾಪಸ್ಸು ಬಂದರು. ಬಿಸಿಲಿಗೆ ಕಪ್ಪಾಗಿದ್ದಳು, ಮುಂಗೈ ತುಂಬ ಕಬ್ಬಿನ ಎಲೆ ಗೀರಿದ ಗೆರೆ. ಗುಣಿತ ಕೆಲವು ಮರೆತಿದ್ದಳು. ನೋಟ್‌ಬುಕ್ಕಿನ ನಡುವಿನ ಹಾಳೆಗೆ ಮಸಿ, ಎಣ್ಣೆ. ಹಿಂದಿನ ನಾಲ್ಕು ಪುಟಗಳಲ್ಲಿ ಪೆನ್ಸಿಲಿನಲ್ಲಿ ದಪ್ಪ ದಪ್ಪ ಅಕ್ಷರ. ನಾನು ಕೊಟ್ಟ ಹಾಡಲ್ಲ. ಪಕ್ಕದ ಗುಡಿಸಲಿನಲ್ಲಿದ್ದ ಬೇರೆ ತಾಂಡಾದ ಒಬ್ಬ ಅಜ್ಜಿ ರಾತ್ರಿ ಕೂಸನ್ನು ಮಲಗಿಸಲು ಹಾಡುತ್ತಿದ್ದದ್ದಂತೆ. ಯಾಡಿಗೆ ಓದಿ ತೋರಿಸಲು ಕರೆದುಕೊಂಡು ಹೋದೆ. ಅವಳು ಹೊಸಿಲ ಮೇಲೆ ಕೂತು ಬೆರಳಿಟ್ಟು ಓದಿದಳು, ಯಾಡಿ ಕಣ್ಣು ಮುಚ್ಚಿ ಕೇಳಿದರು. ಈ ಹಾಡು ನನಗೆ ಗೊತ್ತಿಲ್ಲ ಅಂದರು. ಇನ್ನೊಂದು ಸಲ ಓದು ಅಂದರು.

ಎರಡನೇ ಸಲ ಓದುವಾಗ ಹುಡುಗಿ ನಡುವೆ ನಿಂತು, ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ತಾನು ಬರೆದಿದ್ದ ಒಂದು ಚ ಕಾರದ ಹೊಟ್ಟೆ ಸೀಳಿ ಮುಂದೆ ಓದಿದಳು.